ಬಿಳಿಯಂಚು

ನಮ್ಮ ಅಕ್ಕ ವರ್ಷಕ್ಕೊಮ್ಮೆ ಸೂಗೂರೇಶ್ವರನ ದರ್ಶನಕ್ಕೆಂದು ಮಾನ್ವಿಯ ಕಡೆಯ ತನ್ನ ಹಳ್ಳಿಯಿಂದ ದೇವಸುಗೂರಿಗೆ ಬಂದು, ನಾಲ್ಕು ದಿನ ನಮ್ಮಲ್ಲಿ ಇದ್ದು ಹೋಗುತ್ತಾಳೆ. ಬಂದವಳು ಕೈಕಾಲು ತೊಳೆದುಕೊಂಡು ಮೊದಲು ಮಾಡುವ ಕೆಲಸವೆಂದರೆ ನನ್ನ ಕುಂಡಗಳನ್ನೆಲ್ಲ ಒಂದು ಸುತ್ತು ನೋಡಿ ಬರುವುದು. ಹೊಲ ಮನೆ ಎರಡರಲ್ಲಿಯೂ ಪಳಗಿದ ಕಣ್ಣು ಅವಳದು. ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ; ಎಲ್ಲಿಯೋ ಒಂದು ಒಣಗಿದ ಎಲೆಯನ್ನು ಚಿವುಟಿ ಮುಂದೆ ಹೋಗುತ್ತಾಳೆ. ಈ ಸಲ ಮಾತ್ರ ಮೆಟ್ಟಿಲ ಪಕ್ಕದ ಕುಂಡದ ಮುಂದೆ ನಿಂತುಬಿಟ್ಟಳು. ನಾನು ಒಳಗೊಳಗೇ ಹಿಗ್ಗಿದೆ; ಏಕೆಂದರೆ ಅದು ನನ್ನ ಕುಂಡಗಳಲ್ಲೆಲ್ಲ ಚೆಲುವಾದದ್ದು. ಬಂದವರಿಗೆ ನಾನು ಮೊದಲು ತೋರಿಸುವುದೂ ಅದನ್ನೇ.

ಅಕ್ಕ ಎಲೆಯೊಂದನ್ನು ಹೊರಳಿಸಿ ನೋಡಿ, “ಈ ಗಿಡಕ್ಕ ತೊನ್ನು ಹತ್ಯದೇನೋ ತಮ್ಮಾ? ಎಲಿ ಅಂಚೆಲ್ಲ ಬೆಳ್ಳಗಾಗ್ಯಾವಲ್ಲ!” ಎಂದಳು.

ತೊನ್ನು ಅಂಟುವ ಬೇನೆಯಲ್ಲ, ಅಂಟುವುದೆಂದು ಭ್ರಮಿಸಿ ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ನಾವು ಕೆಡಿಸಿದ್ದೇವೆ ಎಂದು ಅವಳಿಗೆ ಹೇಳಬಹುದಾಗಿತ್ತು. ಆದರೆ ಅವಳು ಕೇಳಿದ್ದು ಅದಲ್ಲ. ಗಿಡಕ್ಕೆ ರೋಗವೇ, ಅಲ್ಲವೇ ಎಂದು ಕೇಳಿದಳು. ರೋಗವಲ್ಲ ಅಕ್ಕಾ, ಅದರ ಚೆಂದವೇ ಅದು ಎಂದೆ. ಹಾಗೆಂದಾಗ ನನ್ನ ದನಿಯಲ್ಲಿ ಇರಬೇಕಾದಷ್ಟು ಧೈರ್ಯವಿರಲಿಲ್ಲವೆಂದು ನನಗೇ ಅನ್ನಿಸಿತು. ಆ ದಿನದಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈ ಗಿಡ ನನ್ನಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನಾಲ್ಕು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಒಂದು ಸಸಿತೋಟದಿಂದ ‘ಸೇಜ್’ ಎಂಬ ಗಿಡವನ್ನು ತಂದುಕೊಟ್ಟ. ಉದ್ಯಾನಗಳ ಮಡಿಗಳಲ್ಲಿ ಕೆಂಪಗೆ ಉರಿಯುವ ಸಾಲ್ವಿಯಾ ಹೂವನ್ನು ಬಲ್ಲವರು ಇದನ್ನು ಅದರ ದಾಯಾದಿಯೆಂದು ತಿಳಿಯಬಹುದು. ನಮ್ಮ ತುಳಸಿ, ಪುದೀನ, ಕಾಮಕಸ್ತೂರಿಗಳ ಕುಲವೇ. ಕಾಂಡವನ್ನು ಬೆರಳಿನಲ್ಲಿ ಹೊರಳಿಸಿದರೆ ತುಳಸಿಯ ಹಾಗೆಯೇ ನಾಲ್ಕು ಮೂಲೆ ತಗಲುತ್ತದೆ. ಮೂಲತಃ ಭೂಮಧ್ಯ ಸಮುದ್ರದ ಕರೆಯ ಒಣ ಸುಣ್ಣಕಲ್ಲಿನ ಗುಡ್ಡಗಳದು. ಸಾಲ್ವಿಯಾ ಎಂಬ ಲ್ಯಾಟಿನ್ ಹೆಸರಿನಲ್ಲಿ ಕಾಪಾಡುವುದು, ಗುಣಪಡಿಸುವುದು ಎಂಬ ಅರ್ಥವಿದೆ. ಯುರೋಪಿನ ಅಜ್ಜಿಯರಿಗೆ ಅದು ನಮ್ಮ ಅಜ್ಜಿಯರ ತುಳಸಿಯಿದ್ದಂತೆ. ನನಗೆ ಬಂದದ್ದು ಅದರ ‘ಟ್ರೈಕಲರ್’ ಎಂಬ ಬಗೆ: ಬೂದಿಹಸಿರು ಎಲೆ, ಕೆನೆಬಿಳಿಯ ಅಂಚು, ಎಳೆಯ ಕುಡಿಗಳಲ್ಲಿ ನಸುಗೆಂಪಿನ ಛಾಯೆ. ಹಳದಿಯಂಚಿನ ಇನ್ನೊಂದು ಬಗೆಯೂ ಉಂಟು. ಅದರ ಹೆಸರು ‘ಇಕ್ಟರೀನಾ’. ಈ ಹೆಸರಿನ ಮೂಲದಲ್ಲಿ ಇರುವುದು ಕಾಮಾಲೆ ರೋಗ. ರೋಗ ಕಳೆಯುವ ಗಿಡಕ್ಕೆ ಕಾಮಾಲೆಯ ಹೆಸರು! ನಮ್ಮ ಅಕ್ಕ ತೊನ್ನು ಎಂದದ್ದರಲ್ಲಿ ವಿಶೇಷವೇನೂ ಇಲ್ಲ. ಹೆಸರಿಟ್ಟ ಪಂಡಿತರೂ ಅದೇ ಕಣ್ಣಿನಿಂದ ನೋಡಿದವರೇ.

ಸೇಜ್ ಗಿಡ ಚಳಿಗಾಲವೆಲ್ಲ ಚೆನ್ನಾಗಿಯೇ ಇತ್ತು. ನಮ್ಮ ಎರೆಮಣ್ಣು ಅದಕ್ಕೆ ಆಗದು. ನೆನೆದರೆ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದರೆ ಬಿರಿದು ಬೇರನ್ನೇ ಹರಿಯುತ್ತದೆ. ಆದ್ದರಿಂದ ಕೆಮ್ಮಣ್ಣು, ಕೃಷ್ಣೆಯ ಮರಳು, ಹಳೆಯ ಗೊಬ್ಬರ ಕೂಡಿಸಿ, ಕುಂಡದ ತಳದಲ್ಲಿ ಹೆಂಚಿನ ಚೂರು ಹಾಕಿ ನೆಟ್ಟಿದ್ದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಮೇಲುಮಣ್ಣು ಒಣಗಿದ ಮೇಲಷ್ಟೇ ನೀರು. ಇಷ್ಟೆಲ್ಲ ಉಪಚಾರವನ್ನು ನನಗೆ ಯಾರೂ ಮಾಡಿಲ್ಲ. ಆದರೂ ಏಪ್ರಿಲ್ ಬಂತು. ರಾಯಚೂರು ಸೀಮೆಯಲ್ಲಿ ಉಷ್ಣಮಾನ 42 ಡಿಗ್ರಿ ಮುಟ್ಟಿದರೆ ಅದು ಸುದ್ದಿಯೇ ಅಲ್ಲ. ಮೊದಲು ಸುಟ್ಟದ್ದು ಬಿಳಿಯ ಅಂಚು. ಕಾಗದದ ಮೂಲೆಗೆ ಬೆಂಕಿ ತಗುಲಿದಂತೆ ಕಂದಾಯಿತು. ಮೇ ತಿಂಗಳಿಗೆ ಗಿಡವೇ ಇರಲಿಲ್ಲ.

ಆ ಕುಂಡ ತೆರವಾಗಿ ಇರಬಾರದೆಂದು ನಾನು ತಂದು ನೆಟ್ಟದ್ದು ಅದೇ ಕುಲದ, ಆದರೆ ನಮ್ಮ ಬಿಸಿಲಿಗೆ ಒಗ್ಗಿದ ದೊಡ್ಡಪತ್ರೆಯನ್ನು. ಸಾಂಬಾರ ಎಲೆಯೆಂದು ಕೆಲವರು, ಅಜವಾನದ ವಾಸನೆ ಇರುವುದರಿಂದ ಅಜವಾನದ ಗಿಡವೆಂದು ನಮ್ಮ ಕಡೆಯ ಬಹಳ ಜನ ಅದನ್ನು ಕರೆಯುತ್ತಾರೆ. ಮಗುವಿಗೆ ಕೆಮ್ಮಾದರೆ ಬಾಡಿಸಿ ರಸ ಹಿಂಡುವುದು, ಮಳೆ ಹಿಡಿದರೆ ಕಡಲೆಹಿಟ್ಟಿನಲ್ಲಿ ಅದ್ದಿ ಭಜಿ ಕರಿಯುವುದು ಯಾರಿಗೆ ಗೊತ್ತಿಲ್ಲ? ಅದರಲ್ಲಿಯೂ ಬಿಳಿಯಂಚಿನ ಬಗೆಯೊಂದಿದೆ. ಪಟ್ಟಣದ ಮನೆಗಳ ಕಟ್ಟೆಯ ಮೇಲೆ ಈಗ ಹೆಚ್ಚಾಗಿ ಕಾಣುವುದು ಅದೇ. ನೋಡಲು ಸೇಜಿನ ಸೋದರಿಯಂತೆಯೇ ಇದೆ, ಸಾಯುವುದಿಲ್ಲ. ಮೆಟ್ಟಿಲ ಪಕ್ಕದಲ್ಲಿ ಇರುವುದು ಇದೇ ಗಿಡ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಆ ಬಿಳುಪು ಏನು? ಎಲೆಯ ಹಸಿರಿಗೆ ಕಾರಣವಾದದ್ದು ಪತ್ರಹರಿತ್ತು. ಬಿಸಿಲನ್ನು ಹಿಡಿದು ಗಾಳಿ ನೀರುಗಳಿಂದ ಗಿಡಕ್ಕೆ ಅನ್ನ ಬೇಯಿಸುವುದು ಅದು. ಬಿಳಿಯ ಅಂಚಿನಲ್ಲಿ ಅದು ಇಲ್ಲ. ಹಾಗೆಂದರೆ ಬಿಳುಪು ಗಿಡಕ್ಕೆ ದೊರೆತ ಒಂದು ಬಣ್ಣವಲ್ಲ, ಒಂದು ಬಣ್ಣ ಇಲ್ಲದಿರುವುದೇ ಬಿಳುಪು. ಬಿಳಿಯಂಚಿನ ಗಿಡಗಳಲ್ಲಿ ಬಹುಪಾಲು, ಚಿಗುರಿನ ತುದಿಯಲ್ಲಿ ಒಂದರ ಮೇಲೊಂದು ಇರುವ ಜೀವಕೋಶಗಳ ಪದರಗಳಲ್ಲಿ ಒಂದು ಪದರ ಹಸಿರನ್ನು ಕಳೆದುಕೊಂಡು, ಉಳಿದವು ಹಸಿರಾಗಿಯೇ ಇರುವುದರಿಂದ ಆಗುವಂಥವು. 1909ರಲ್ಲಿ ಜರ್ಮನಿಯ ಎರ್ವಿನ್ ಬೌರ್ ಎಂಬ ವಿಜ್ಞಾನಿ ಬಿಳಿಯಂಚಿನ ಜೆರೇನಿಯಂ ಗಿಡಗಳನ್ನು ಪರೀಕ್ಷಿಸಿ ಇದನ್ನು ಬಿಡಿಸಿ ಹೇಳಿದ. ಒಂದೇ ತೊಗಲಿನೊಳಗೆ ಎರಡು ಬಗೆಯ ಗಿಡ ಕೂಡಿ ಬಾಳುವ ಈ ಸ್ಥಿತಿಗೆ, ಸಿಂಹ ಮೇಕೆ ಹಾವುಗಳು ಒಂದೇ ಮೈಯಾದ ಗ್ರೀಕ್ ಪುರಾಣದ ಪ್ರಾಣಿಯ ಹೆಸರನ್ನು ಶಾಸ್ತ್ರಜ್ಞರು ಇಟ್ಟಿದ್ದಾರೆ. ನಮ್ಮವರಾಗಿದ್ದರೆ ಗಂಡಭೇರುಂಡವೆನ್ನುತ್ತಿದ್ದರೋ ಏನೋ.

ಕೊರತೆಯೊಂದು ಚೆಲುವಾಗಿ ಕಾಣುವುದು ಇದೊಂದೇ ಕಡೆಯಲ್ಲ. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಜನ ಗೆರೆಗೆರೆಯ ಟ್ಯುಲಿಪ್ ಹೂವಿಗಾಗಿ ಭಾರಿ ಬೆಲೆ ತೆರಲು ಮುಂದಾದರು; 1637ರಲ್ಲಿ ಆ ಬೆಲೆ ಕುಸಿಯಿತು. ಆ ಗೆರೆಗಳು ಒಂದು ಅಂಟುರೋಗದ ಗುರುತೆಂಬುದು ತಿಳಿದದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ, 1928ರಲ್ಲಿ. ಅಷ್ಟು ದೂರವೇಕೆ? ನಮ್ಮ ಬೆಂಡೆಯ ಹೊಲಗಳಲ್ಲಿ ಬಿಳಿನೊಣ ಹೊತ್ತು ತರುವ ನಂಜಿನಿಂದ ಎಲೆಯ ನರಗಳು ಬಂಗಾರದಂತೆ ಹಳದಿಯಾಗುತ್ತವೆ. ರೈತ ಹಣೆ ಬಡಿದುಕೊಂಡು ಗಿಡ ಕಿತ್ತು ಸುಡುತ್ತಾನೆ. ಅದೇ ಬಿಳಿನೊಣ ಹರಡುವ, ಅದೇ ಜಾತಿಯ ನಂಜು ಅಬುಟಿಲಾನ್ ಎಂಬ ಅಲಂಕಾರದ ಗಿಡದ ಎಲೆಗಳಲ್ಲಿ ಹಳದಿಯ ಚಿತ್ತಾರ ಬಿಡಿಸಿದರೆ, ತೋಟಗಾರ ಅದನ್ನು ಹೆಚ್ಚಿನ ಬೆಲೆಗೆ ಮಾರುತ್ತಾನೆ. ಬೆಂಡೆಯಿಂದ ನಮಗೆ ಕಾಯಿ ಬೇಕು, ಅಬುಟಿಲಾನಿನಿಂದ ನೋಟ ಬೇಕು. ರೋಗವೋ ಚೆಲುವೋ ಎಂಬುದನ್ನು ಗಿಡವನ್ನು ಕೇಳಿ ಯಾರೂ ತೀರ್ಮಾನಿಸಲಿಲ್ಲ. ನನ್ನ ದೊಡ್ಡಪತ್ರೆಯಲ್ಲಿ ನಂಜೇನೂ ಇಲ್ಲವೆಂಬುದು ನಿಜ. ಆದರೂ ಅಕ್ಕನಿಗೆ ನಾನು ಕೊಟ್ಟ ಉತ್ತರ ಸಂಪೂರ್ಣವಾದದ್ದಲ್ಲ.

ಇಲ್ಲಿಯವರೆಗಿನದು ಬರಿಯ ಕುತೂಹಲದ ಸಂಗತಿ. ನನ್ನನ್ನು ಕಾಡುವುದು ಕತ್ತರಿ.

ಇಂಥ ಗಿಡ ಸಾಕಿದವರಿಗೆಲ್ಲ ಗೊತ್ತಿರುವಂತೆ, ಒಮ್ಮೊಮ್ಮೆ ಅದರಲ್ಲಿ ಒಂದು ಅಪ್ಪಟ ಹಸಿರು ಚಿಗುರು ಹುಟ್ಟುತ್ತದೆ. ಅಂಚಿಲ್ಲ, ಬಿಳುಪಿಲ್ಲ, ದಪ್ಪ ದಪ್ಪ ಎಲೆ. ಪತ್ರಹರಿತ್ತು ತುಂಬಿರುವುದರಿಂದ ಉಳಿದ ಕೊಂಬೆಗಳಿಗಿಂತ ವೇಗವಾಗಿ ಬೆಳೆಯುತ್ತದೆ. ಬಿಟ್ಟರೆ ಒಂದು ವರ್ಷದಲ್ಲಿ ಕುಂಡವನ್ನೆಲ್ಲ ಆವರಿಸಿ, ಬಿಳಿಯಂಚಿನ ಕೊಂಬೆಗಳನ್ನು ಮೂಲೆಗೆ ಒತ್ತಿ, ಗಿಡವನ್ನೇ ಸಾಮಾನ್ಯ ದೊಡ್ಡಪತ್ರೆಯನ್ನಾಗಿ ಮಾಡಿಬಿಡುತ್ತದೆ. ಸೇಜಿನಲ್ಲಿಯೂ ಹೀಗೆಯೇ. ಆದ್ದರಿಂದ ತೋಟಗಾರಿಕೆಯ ಪುಸ್ತಕಗಳೆಲ್ಲ ಒಂದೇ ಮಾತು ಹೇಳುತ್ತವೆ: ಹಸಿರು ಚಿಗುರು ಕಂಡೊಡನೆ ಬುಡಕ್ಕೆ ಕತ್ತರಿಸಿ. ಗಿಡ ‘ಹಿಂದಕ್ಕೆ ಹೋಗಿದೆ’ ಎನ್ನುತ್ತಾರೆ, ‘ಕೆಟ್ಟಿದೆ’ ಎಂದೂ ಹೇಳುವುದುಂಟು. ಕೆಟ್ಟದ್ದೆಂದರೆ ಏನು? ಆರೋಗ್ಯವಾಗಿದೆ ಎಂದು ಅರ್ಥ! ಇಡೀ ಗಿಡದಲ್ಲಿ ತನ್ನ ಅನ್ನವನ್ನು ತಾನೇ ಪೂರ್ತಿಯಾಗಿ ಬೇಯಿಸಿಕೊಳ್ಳಬಲ್ಲ ಕೊಂಬೆ ಅದೊಂದೇ. ನಾಲ್ಕು ವರ್ಷಗಳಿಂದ ಅಂಥ ಕೊಂಬೆಗಳನ್ನು ನಾನು ಕತ್ತರಿಸುತ್ತ ಬಂದಿದ್ದೇನೆ, ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೇನೆ.

ಬೇಸಾಯವೆಂದರೆ ಕತ್ತರಿಸುವುದೇ ಅಲ್ಲವೇ ಎಂದು ಕೇಳುವವರಿದ್ದಾರೆ. ನಾನೂ ನನ್ನನ್ನು ಹಾಗೆ ಕೇಳಿಕೊಂಡು ಸಮಾಧಾನ ಹೊಂದಲು ನೋಡಿದೆ. ಹತ್ತಿಯ ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆಯುತ್ತೇವೆ. ಆದರೆ ಕಳೆ ಬೇರೆ ಗಿಡ, ಹೊರಗಿನಿಂದ ಬಂದದ್ದು. ತೊಗರಿಯ ಕುಡಿ ಚಿವುಟುತ್ತೇವೆ. ಹಾಗೆ ಚಿವುಟಿದರೆ ಗಿಡ ಪೊದೆಯಾಗಿ ಹರಡಿ ಇನ್ನೂ ಬಲವಾಗುತ್ತದೆ. ಹಸಿರು ಚಿಗುರಿನ ಸಂಗತಿ ಇವೆರಡೂ ಅಲ್ಲ. ಅದು ಅದೇ ಬೇರಿನದು, ಅದೇ ಮನೆಯ ಕೂಸು. ಅದನ್ನು ತೆಗೆದರೆ ಗಿಡ ಬಲಗೊಳ್ಳುವುದಿಲ್ಲ, ಸೊರಗುತ್ತದೆ. ಗಿಡದ ಹಿತಕ್ಕೆ ವಿರುದ್ಧವಾಗಿ, ನನ್ನ ಕಣ್ಣಿನ ಹಿತಕ್ಕಾಗಿ ಮಾಡಿದ ಕೆಲಸ ಅದು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು: ಅಪರೂಪಕ್ಕೆ ಪೂರ್ತಿ ಬಿಳಿಯ ಚಿಗುರೂ ಹುಟ್ಟುತ್ತದೆ. ಹಾಲಿನಲ್ಲಿ ಅದ್ದಿದಂತೆ ಅಂದವಾಗಿರುತ್ತದೆ. ಅದನ್ನು ಕೊಯ್ದು ನೆಟ್ಟರೆ ಬೇರು ಬಿಟ್ಟರೂ ಬದುಕದು, ಉಣ್ಣಿಸುವವರಿಲ್ಲ.

ಇಲ್ಲಿ ನಮ್ಮ ಹಿತ್ತಿಲ ಸಂಜೆಮಲ್ಲಿಗೆಯ ನೆನಪಾಗುತ್ತದೆ. ಅದೇ 1909ರಲ್ಲಿ ಕಾರ್ಲ್ ಕೊರೆನ್ಸ್ ಎಂಬುವನು ಬಣ್ಣಬಣ್ಣದ ಎಲೆಯ ಸಂಜೆಮಲ್ಲಿಗೆ ಗಿಡಗಳಲ್ಲಿ ಒಂದು ವಿಚಿತ್ರವನ್ನು ಕಂಡುಹಿಡಿದ. ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಿಶ್ರ ಕೊಂಬೆ ಮೂರೂ ಇದ್ದರೆ, ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಸಸಿ, ಬಿಳಿಯದರಿಂದ ಬಿಳಿಯ ಸಸಿ, ಮಿಶ್ರ ಕೊಂಬೆಯದರಿಂದ ಮೂರು ಬಗೆಯವೂ ಹುಟ್ಟುತ್ತವೆ. ಪರಾಗ ಯಾವ ಕೊಂಬೆಯಿಂದ ಬಂದರೂ ಸರಿಯೇ, ಅದಕ್ಕೆ ಲೆಕ್ಕವಿಲ್ಲ. ಹಸಿರು ಬರುವುದಾದರೆ ತಾಯಿಯಿಂದಲೇ ಬರಬೇಕು. ಬಿಳಿಯ ಸಸಿಗಳು ಬೀಜದಲ್ಲಿ ಕಟ್ಟಿಕೊಂಡು ಬಂದ ಬುತ್ತಿ ತೀರುವವರೆಗೆ ಇದ್ದು ಸಾಯುತ್ತವೆ.

ಬುತ್ತಿ ಎಂದು ಬರೆದೆ. ಬರೆಯುವಾಗ ಬೇಕೆಂದು ಬರೆಯಲಿಲ್ಲ, ತಾನಾಗಿ ಬಂತು. ಬಂದ ಮೇಲೆ ಹೇಳದೆ ಹೋಗುವುದು ಸರಿಯಲ್ಲ.

1964ರಲ್ಲಿ ಅಕ್ಕ ಏಳನೆಯ ಇಯತ್ತೆ ಪಾಸಾದಳು. ನನಗೆ ಆಗ ಹತ್ತು ವರ್ಷ, ಅವಳಿಗೆ ಹದಿಮೂರು. ಲೆಕ್ಕದಲ್ಲಿ ಅವಳಷ್ಟು ಚುರುಕಾದ ಮಕ್ಕಳು ಆ ಶಾಲೆಯಲ್ಲಿ ಇರಲಿಲ್ಲವೆಂದು ಹೆಡ್‌ಮಾಸ್ತರರು ತಾವಾಗಿ ನಮ್ಮ ಮನೆಗೆ ಬಂದು, ಹುಡುಗಿಯನ್ನು ಮಾನ್ವಿಯ ಹೈಸ್ಕೂಲಿಗೆ ಕಳಿಸಿ ಎಂದು ಅಪ್ಪನಿಗೆ ಹೇಳಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಅಪ್ಪ ಅವರಿಗೆ ಚಹಾ ತರಿಸಿದ, ನಕ್ಕ, ತಲೆ ತೂಗಿದ. ಅವರು ಹೋದ ಮೇಲೆ ಅವ್ವನಿಗೆ, “ಇಬ್ಬರನ್ನ ಓದಸಾಕ ನಮ್ಮ ಕೈಲೆ ಆಗೂದಿಲ್ಲ. ಹುಡುಗ ಓದಲಿ” ಎಂದ. ಅಪ್ಪ ಕೆಟ್ಟವನಲ್ಲ. ಇದ್ದ ನಾಲ್ಕೆಕರೆ ಮಳೆ ನಂಬಿದ ಹೊಲ, ಅವ್ವನ ಬೆನ್ನು ನೋವು, ಮನೆಗೆ ಬೇಕಾದ ಒಂದು ಕೈ. ಎಲ್ಲ ಕೂಡಿಸಿ ಕಳೆದು ನೋಡಿಯೇ ಹೇಳಿದ ಮಾತು ಅದು. ಅಕ್ಕನಿಗೆ ಬಹುಮಾನವಾಗಿ ಬಂದಿದ್ದ ತಗಡಿನ ಕಂಪಾಸು ಪೆಟ್ಟಿಗೆ ಮಾರನೆಯ ದಿನ ನನ್ನ ಚೀಲಕ್ಕೆ ಬಂತು. ನಾನು ಬೇಡವೆನ್ನಲಿಲ್ಲ. ಎಸ್.ಎಸ್.ಎಲ್.ಸಿ.ಯವರೆಗೆ ಅದರಲ್ಲಿಯೇ ವೃತ್ತ ಎಳೆದೆ. ಮುಚ್ಚಳದ ಒಳಗೆ ಮೊಳೆಯಿಂದ ಕೆತ್ತಿದ ಅವಳ ಹೆಸರನ್ನು ಮೇಲಿಂದ ಮೇಲೆ ಉಜ್ಜಿದರೂ ಹೋಗಿರಲಿಲ್ಲ.

ಮುಂದೆ ನಾನು ರಾಯಚೂರಿನಲ್ಲಿ ಕೋಣೆ ಹಿಡಿದು ಕಾಲೇಜು ಓದಿದಾಗ ವಾರಕ್ಕೊಮ್ಮೆ ಬಸ್ಸಿನ ಮೇಲೆ ಬುತ್ತಿ ಬರುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಪುಂಡಿಪಲ್ಯ. ಬಟ್ಟೆಯ ಗಂಟು ಬಿಚ್ಚಿದರೆ ರೊಟ್ಟಿಯ ಅಂಚಿನಲ್ಲಿ ಅವಳ ಬೆರಳಿನ ಗುರುತು ಇರುತ್ತಿತ್ತು. ಅದನ್ನು ತಿಂದು ನಾನು ಕಾವ್ಯ ಓದಿದೆ, ಛಂದಸ್ಸು ಕಲಿತೆ, ಮೇಷ್ಟ್ರಾದೆ, ಪತ್ರಿಕೆಗಳಿಗೆ ನಾಲ್ಕು ಮಾತು ಬರೆಯುವವನಾದೆ. ಬಿಳಿಯ ಅಂಚು ಎಂದರೆ ಇನ್ನೇನು? ಎಲೆಯ ಶೋಭೆ ಅದು, ಆದರೆ ತಾನು ಉಣ್ಣುವ ಅನ್ನವನ್ನು ತಾನು ಬೇಯಿಸುವುದಿಲ್ಲ.

ಬಿಳಿಯ ಅಂಚು ಇರಲೇಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಮಾನ್ವಿಯ ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆದರು. ಅದು ಇಲ್ಲದ ಕನ್ನಡ ಅಷ್ಟರಮಟ್ಟಿಗೆ ಬಡವಾಗುತ್ತಿತ್ತು. ಅವರು ಬರೆಯುತ್ತಿದ್ದ ಹೊತ್ತಿನಲ್ಲಿ ಒಲೆ ಹೊತ್ತಿಸಿದವರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಇಲ್ಲಿ ನಮ್ಮ ಮಾಳಿಗೆಯ ಮೇಲೆ ನಿಂತರೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. 1985ರಲ್ಲಿ ಮೊದಲ ಘಟಕ ಆರಂಭವಾಗಿ ಮುಂದೆ ಎಂಟು ಘಟಕಗಳಾಗಿ 1720 ಮೆಗಾವ್ಯಾಟಿನ ಸಾಮರ್ಥ್ಯಕ್ಕೆ ಬೆಳೆದ ವಿದ್ಯುತ್ ಸ್ಥಾವರ ಅದು. ದೂರದಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ಇಲ್ಲಿ ಉರಿದು ಬೆಂಗಳೂರಿನ ರಂಗಮಂದಿರದಲ್ಲಿ ದೀಪವಾಗುತ್ತದೆ. ದೀಪ ಬೇಡವೆನ್ನುವವರು ಯಾರು? ಅಲ್ಲಿ ಕುಳಿತು ನಾಟಕ ನೋಡುವವರಿಗೆ ದೇವಸುಗೂರು ಎಂಬ ಊರಿದೆಯೆಂದು ಒಮ್ಮೆಯಾದರೂ ಹೊಳೆದಿದ್ದರೆ ಎಂಬಷ್ಟೇ ನನ್ನ ಆಸೆ.

ಆದರೆ ಉಣ್ಣಿಸಿದ ಋಣ ಒಂದು, ಕತ್ತರಿಸಿದ ಋಣ ಇನ್ನೊಂದು. ಹಸಿರು ಭಾಗ ಬಿಳಿಯ ಭಾಗಕ್ಕೆ ಉಣಿಸುವುದು ಗಿಡದೊಳಗಿನ ವ್ಯವಹಾರ. ಅದರಲ್ಲಿ ಪ್ರೀತಿಯೂ ಇರಬಹುದು, ನಮ್ಮ ಮನೆಯಲ್ಲಿ ಇತ್ತು. ಹಸಿರು ತಾನೇ ಒಂದು ಕೊಂಬೆಯಾಗಿ ಎದ್ದು ನಿಲ್ಲಹೊರಟಾಗ ಕತ್ತರಿ ಬರುವುದು ಹೊರಗಿನಿಂದ. ಮೊದಲನೆಯದಕ್ಕೆ ಕೃತಜ್ಞತೆ ಹೇಳಿ ನಾವು ಹಗುರಾಗುತ್ತೇವೆ. ಅಕ್ಕನ ತ್ಯಾಗ, ತಾಯಿಯ ತ್ಯಾಗ ಎಂದು ಅಭಿನಂದನ ಸಮಾರಂಭಗಳಲ್ಲಿ ಕಣ್ಣೀರು ತಂದುಕೊಂಡು ಮಾತಾಡುತ್ತೇವೆ. ನಾನೂ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ತ್ಯಾಗವೆಂದರೆ ಕೈಯಲ್ಲಿದ್ದುದನ್ನು ತಾನಾಗಿ ಬಿಡುವುದು. ಹದಿಮೂರು ವರ್ಷದ ಹುಡುಗಿಯನ್ನು ಬಿಡುತ್ತೀಯಾ ಎಂದು ಯಾರು ಕೇಳಿದ್ದರು? ಕತ್ತರಿಸಿದ್ದನ್ನು ತ್ಯಾಗವೆಂದು ಕರೆಯುವುದು ಕತ್ತರಿಗೆ ಅನುಕೂಲವಾದ ಮಾತು.

ಉಪಮೆಯನ್ನು ಬಹಳ ಎಳೆಯಬಾರದೆಂಬುದನ್ನು ಮೂವತ್ತು ವರ್ಷ ಅಲಂಕಾರಶಾಸ್ತ್ರ ಪಾಠ ಹೇಳಿದ ನಾನು ಬಲ್ಲೆ. ಗಿಡದ ಚಿಗುರಿಗೆ ಆಸೆಯಿಲ್ಲ, ಹೈಸ್ಕೂಲಿಲ್ಲ. ಅದನ್ನು ಕತ್ತರಿಸಿದರೆ ನೋವಾಯಿತೆಂದು ನಾನು ರಾತ್ರಿ ನಿದ್ದೆಗೆಡುವುದಿಲ್ಲ. ಅಲ್ಲದೆ ಕತ್ತರಿಸಿದ ಹಸಿರು ಚಿಗುರಿಗೆ ಒಂದು ದಾರಿಯುಂಟು: ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಇನ್ನೊಂದು ಕುಂಡದಲ್ಲಿ ನೆಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಟ್ಟು ತನ್ನ ಪಾಡಿಗೆ ತಾನು ಬದುಕುತ್ತದೆ. ಎರಡೂ ಉಳಿಯುತ್ತವೆ. 1964ರಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಕುಂಡ ಇರಲಿಲ್ಲ. ಇರಲಿಲ್ಲವೋ, ಹುಡುಕಲಿಲ್ಲವೋ? ಮಾನ್ವಿಯಲ್ಲಿ ನಮ್ಮ ಸೋದರಮಾವನ ಮನೆ ಇತ್ತು. ನಾನು ಹೈಸ್ಕೂಲು ಓದುವಾಗ ಇದ್ದದ್ದು ಅಲ್ಲಿಯೇ.

ಈ ಸಲ ಧೈರ್ಯ ಮಾಡಿ ಅಕ್ಕನನ್ನು ಕೇಳಿದೆ. ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವತ್ತು ಹೆಡ್‌ಮಾಸ್ತರರು ಬಂದದ್ದು ನಿನಗೆ ನೆನಪಿದೆಯೇ ಎಂದೆ. “ಇಲ್ದೇನು? ಚಾದಾಗ ಬೆಲ್ಲ ಹೆಚ್ಚಾಗಿತ್ತು, ನಾನ ಮಾಡಿದ್ದೆ” ಎಂದಳು. ನಿನಗೆ ಓದಬೇಕು ಅನ್ನಿಸಿರಲಿಲ್ಲವೇ ಎಂದೆ. ಮರವನ್ನು ಎರಡು ಸಲ ಕೇರಿ ಕಲ್ಲು ತೆಗೆದಳು. “ಅನಸ್ತಿತ್ತು. ಆಮ್ಯಾಲ ಅನಸೂದು ಬಿಡ್ತು. ನನ್ನ ಹೆಣ್ಣುಮಕ್ಕಳಿಬ್ಬರನ್ನೂ ಓದಸೀನಿ ನೋಡಪಾ, ಅವರಪ್ಪಗ ಜಗಳಾಡಿ” ಎಂದು ಅಷ್ಟಕ್ಕೇ ನಿಲ್ಲಿಸಿ, ಸೊಸೆ ಎಲ್ಲಿ, ಸಂಜೆಗೆ ಏನು ಅಡಿಗೆ ಎಂದು ಬೇರೆ ಮಾತಿಗೆ ಹೋದಳು. ಅವಳ ದನಿಯಲ್ಲಿ ಕಹಿಯೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಹೊರಡುವ ದಿನ ಬೆಳಿಗ್ಗೆ, ಊರಲ್ಲಿ ನೆಡಲು ಒಂದು ಟೊಂಗೆ ಕೊಡು ಎಂದಳು. ನಾನು ಕತ್ತರಿ ತೆಗೆದುಕೊಂಡು ಗಿಡದಲ್ಲಿಯೇ ಒಳ್ಳೆಯ, ಬೆಳ್ಳಿಯ ಕರೆಯಂತೆ ಅಂಚು ಹೊಳೆಯುವ ಕೊಂಬೆಗೆ ಕೈ ಹಾಕಿದೆ. “ಅದು ಬ್ಯಾಡ, ಅದು ನಿನಗಿರಲಿ. ಹಿಂದ ಹಸರಂದು ಒಂದು ಎದ್ದದ ನೋಡು, ಅದನ್ನ ಕೊಡು. ಮೊಮ್ಮಕ್ಕಳಿಗೆ ಕೆಮ್ಮಿಗೆ ಆಗ್ತದ” ಎಂದಳು. ಗೋಡೆಯ ಕಡೆಗೆ ತಿರುಗಿ ಬೆಳೆದಿದ್ದ ಆ ಕೊಂಬೆಯನ್ನು ನಾನು ನೋಡಿಯೇ ಇರಲಿಲ್ಲ. ಅವಳು ಬಂದ ಮೊದಲ ದಿನವೇ ನೋಡಿದ್ದಳು. ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅದನ್ನು ಚೀಲದಲ್ಲಿ ಪ್ರಸಾದದ ಪೊಟ್ಟಣದ ಪಕ್ಕದಲ್ಲಿ ಇಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದಳು.

ಮೊನ್ನೆ ಫೋನಿನಲ್ಲಿ ಗಿಡ ಹತ್ತಿದೆಯೆಂದು ಹೇಳಿದಳು. ಬಚ್ಚಲ ಹಿಂದೆ ನೆಟ್ಟಿದ್ದಾಳಂತೆ, ಆಗಲೇ ಕೈ ಅಗಲ ಎಲೆ ಬಂದಿದೆಯಂತೆ. ಇಲ್ಲಿ ನನ್ನ ಕುಂಡದಲ್ಲಿ ಕೊಯ್ದ ಜಾಗದ ಕೆಳಗಿನ ಗೆಣ್ಣಿನಿಂದ ಮತ್ತೊಂದು ಚಿಗುರು ಒಡೆಯುತ್ತಿದೆ. ಹಸಿರೋ ಬಿಳಿಯಂಚಿನದೋ ಇನ್ನೂ ತಿಳಿಯದು. ನಿನ್ನೆ ಮಾರುಕಟ್ಟೆಗೆ ಹೋದಾಗ ಒಂದು ಬರಿಯ ಕುಂಡ ತಂದಿಟ್ಟಿದ್ದೇನೆ.